ಬೇಸಿಗೆಗೆ ಮುಂಚೆ ರೇಡಿಯೇಟರ್‌ಗೆ ಏನು ಹಾಕೋದು, ದುಡ್ಡು ಎಲ್ಲಿ ಹಾಕೋದು?

ಶಿವರಾತ್ರಿ ಕಳೆದು ಬಿಸಿಲು ಏರಿತೆಂದರೆ ಕೋಲಾರ, ಚಿಂತಾಮಣಿ, ಶಿರಾ ಕಡೆಯ ಗ್ಯಾರೇಜುಗಳ ಮುಂದೆ ಬಾನೆಟ್ ಎತ್ತಿದ ಗಾಡಿಗಳ ಸಾಲು ಶುರು. ಗಾಡಿ ಒಂದು, ಸಲಹೆ ನಾಲ್ಕು. ‘ಬರೀ ನೀರು ಸಾಕು, ನಮ್ಮ ಕಡೆ ಏನು ಮಂಜುಗಡ್ಡೆ ಕಟ್ಟುತ್ತಾ?’ ಅನ್ನುವವರು ಒಬ್ಬರು. ‘ಒಳ್ಳೆ ಕೂಲೆಂಟ್ ಹಾಕ್ಸಿ ಸಾರ್, ಹೀಟೇ ಆಗಲ್ಲ’ ಅನ್ನುವವರು ಇನ್ನೊಬ್ಬರು. ‘ಥರ್ಮೋಸ್ಟಾಟ್ ಕಿತ್ತು ಬಿಸಾಕಿ’ ಅಂತ ಮೂರನೆಯವರು, ಅಂದರೆ ಎಂಜಿನ್ ಬಿಸಿಯಾದ ಮೇಲಷ್ಟೇ ನೀರನ್ನು ರೇಡಿಯೇಟರಿಗೆ ಬಿಡುವ ಬಾಗಿಲನ್ನು. ನಾಲ್ಕನೆಯವರು ನೇರವಾಗಿ ಹೊಸ ರೇಡಿಯೇಟರ್‌ನ ರೇಟು ಹೇಳುತ್ತಾರೆ. ಒಂದನೆಯದೂ ಮೂರನೆಯದೂ ಬಿಟ್ಟರೆ ಉಳಿದೆರಡು ಯಾವುದೋ ಒಂದು ಗಾಡಿಗೆ, ಯಾವುದೋ ಒಂದು ಹೊತ್ತಿಗೆ ಸರಿಯಾದ ಮಾತೇ. ನಿಮ್ಮ ಗಾಡಿಗೆ ಯಾವುದು ಅನ್ನುವುದೇ ಪ್ರಶ್ನೆ.

ಮೊದಲು ಒಂದು ಸಣ್ಣ ಲೆಕ್ಕ. ರೇಡಿಯೇಟರ್ ಎಷ್ಟು ಶಾಖ ಹೊರಗೆ ತಳ್ಳುತ್ತದೆ ಅನ್ನುವುದು ಒಳಗಿನ ನೀರಿಗೂ ಹೊರಗಿನ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ಡಿಸೆಂಬರ್‌ನಲ್ಲಿ ಒಳಗೆ 90 ಡಿಗ್ರಿ, ಹೊರಗೆ 25, ಅಂತರ 65. ಏಪ್ರಿಲ್ ಮಧ್ಯಾಹ್ನ ಪಾವಗಡದ ರಸ್ತೆಯಲ್ಲಿ ಗಾಳಿ 40 ಮುಟ್ಟಿದರೆ ಅಂತರ 50ಕ್ಕೆ ಇಳಿಯಿತು. ಗಾಡಿಯಲ್ಲಿ ಏನೂ ಕೆಡದೆಯೇ ರೇಡಿಯೇಟರ್‌ನ ಶಕ್ತಿ ಹೆಚ್ಚುಕಮ್ಮಿ ಕಾಲು ಭಾಗ ಹೋಯಿತು. ಅರ್ಧ ಕಟ್ಟಿಕೊಂಡ ರೇಡಿಯೇಟರ್ ಚಳಿಗಾಲವೆಲ್ಲ ಸುಮ್ಮನಿದ್ದು ಯುಗಾದಿ ಹೊತ್ತಿಗೆ ಕುದಿಯುವುದು ಇದೇ ಕಾರಣಕ್ಕೆ. ಬಿಸಿಲು ಹೊಸದಾಗಿ ಏನನ್ನೂ ಕೆಡಿಸುವುದಿಲ್ಲ, ಹಳೆಯ ಸಾಲ ವಸೂಲಿಗೆ ಬರುತ್ತದೆ ಅಷ್ಟೇ.

ಆರಿಸುವ ಮುನ್ನ ನೋಡಬೇಕಾದ್ದು

ಹೋಲಿಸಲು ಅಳತೆಗೋಲು ಬೇಕು. ಇಲ್ಲಿ ಬಳಸುತ್ತಿರುವುದು ಐದು: ಗಾಡಿ ಯಾವಾಗ ಬಿಸಿಯಾಗುತ್ತದೆ, ರೇಡಿಯೇಟರ್ ಯಾವ ಲೋಹದ್ದು, ನಿಮ್ಮೂರಲ್ಲಿ ಸಿಗುವ ನೀರು ಎಂಥದು, ಗಾಡಿಗೆ ಎಂಥ ದುಡಿಮೆ, ಮತ್ತು ಇನ್ನೆಷ್ಟು ವರ್ಷ ಅದನ್ನು ಇಟ್ಟುಕೊಳ್ಳುತ್ತೀರಿ. ಇವುಗಳಲ್ಲಿ ಮೊದಲನೆಯದಕ್ಕೇ ಅರ್ಧ ತೂಕ ಕೊಡಿ, ಯಾಕೆಂದರೆ ರೋಗ ಗೊತ್ತಾಗದೆ ಕೊಂಡ ಔಷಧಿ ಎಲ್ಲವೂ ದುಬಾರಿಯೇ.

ದಾಬಸ್‌ಪೇಟೆ ಜಂಕ್ಷನ್ನಿನಲ್ಲೋ ಟೋಲ್ ಸಾಲಿನಲ್ಲೋ ನಿಂತಾಗ ಎಂಜಿನ್ ಶಾಖ ತೋರಿಸುವ ಮುಳ್ಳು ಏರಿ, ಗಾಡಿ ಓಡತೊಡಗಿದ ಮೇಲೆ ಇಳಿದರೆ ಗಾಳಿಯ ತೊಂದರೆ: ಫ್ಯಾನ್, ಅದರ ರಿಲೇ, ಫ್ಯೂಸು. ಅದೇ ಊರೊಳಗೆ ತಣ್ಣಗಿದ್ದು, ಹೈವೇಯಲ್ಲಿ 80 ದಾಟಿದಾಗ ಅಥವಾ ಲೋಡ್ ಹಾಕಿ ಏರು ಹತ್ತುವಾಗ ಬಿಸಿಯಾದರೆ ರೇಡಿಯೇಟರ್ ಕಟ್ಟಿದೆ, ಇಲ್ಲವೇ ವಾಟರ್ ಪಂಪ್ ಸರಿಯಾಗಿ ತಳ್ಳುತ್ತಿಲ್ಲ. ಸ್ಟಾರ್ಟ್ ಮಾಡಿ ಹತ್ತು ನಿಮಿಷಕ್ಕೇ ಮುಳ್ಳು ಮೇಲೆ ಹೋಗಿ, ಮೇಲಿನ ಹೋಸ್ ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಹಿಡಿದಿರುವ ಸಾಧ್ಯತೆ ಹೆಚ್ಚು. ಎ.ಸಿ. ಹಾಕಿದಾಗ ಮಾತ್ರ ಏರುತ್ತದಾದರೆ ರೇಡಿಯೇಟರಿನ ಮುಂದಿರುವ ಎ.ಸಿ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಕಸ ತುಂಬಿದೆ. ಇನ್ನು ನೀರು ದಿನಾ ಕಮ್ಮಿಯಾಗುತ್ತಿದ್ದು ಹೊರಗೆ ಎಲ್ಲೂ ಸೋರಿಕೆ ಕಾಣದಿದ್ದರೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ರೇಡಿಯೇಟರ್ ಬಾಯಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದ್ದರೆ ಅದು ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿರುವ ಲಕ್ಷಣ. ಅದಕ್ಕೆ ಈ ಬರಹದಲ್ಲಿ ಪರಿಹಾರವಿಲ್ಲ. ಹೆಡ್ ಇಳಿಸಬೇಕು, ಅದರ ಮುಖ ಸಮತಟ್ಟಾಗಿದೆಯೇ (ಫೇಸಿಂಗ್) ನೋಡಬೇಕು, ಐದಂಕಿಯ ಬಿಲ್ಲಿಗೆ ಸಿದ್ಧರಿರಬೇಕು.

ಲೋಹ ಗುರುತಿಸುವುದು ಸುಲಭ. ರೇಡಿಯೇಟರ್‌ನ ಎರಡೂ ತುದಿಯ ತೊಟ್ಟಿ ಕಪ್ಪು ಪ್ಲಾಸ್ಟಿಕ್ಕಿನದಾಗಿದ್ದು ಅಂಚನ್ನು ಮಡಚಿ ಒತ್ತಿದ್ದರೆ ಕೋರ್, ಅಂದರೆ ನಡುವಿನ ಕೊಳವೆಗಳ ಭಾಗ, ಅಲ್ಯೂಮಿನಿಯಂ. ತೊಟ್ಟಿಯೂ ಲೋಹದ್ದಾಗಿದ್ದು ಸುತ್ತ ಬೆಸುಗೆ ಕಂಡರೆ ತಾಮ್ರ-ಹಿತ್ತಾಳೆಯದು. ಹಳೆಯ ಟ್ರ್ಯಾಕ್ಟರ್, ಲಾರಿ, ಜೀಪುಗಳಲ್ಲಿ ಎರಡನೆಯದು ಹೆಚ್ಚು; ಈಗಿನ ಕಾರು, ಪಿಕಪ್‌ಗಳಲ್ಲಿ ಮೊದಲನೆಯದು.

ಬೋರ್ ನೀರು, ಆರ್‌ಒ ನೀರು, ಡಿಸ್ಟಿಲ್ಡ್ ನೀರು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಅಸಲು ಕಥೆ ಇರುವುದು ಇಲ್ಲಿ. ಸಾವಿರ ಅಡಿ ದಾಟಿದ ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶವೂ ಲವಣವೂ ತುಂಬಾ. ಬಚ್ಚಲುಮನೆಯ ಹಂಡೆಯ ತಳ ಕೆರೆದು ನೋಡಿ, ಇಲ್ಲವೇ ಸುಟ್ಟುಹೋದ ಗೀಜರ್ ಕಾಯಿಲ್ ಬಿಚ್ಚಿಸಿದಾಗ ನೋಡಿ: ಬೆರಳಿಂದ ಮುರಿದರೆ ಬೂದುಬಿಳಿ ಚಕ್ಕೆಗಳಾಗಿ ಉದುರುತ್ತದಲ್ಲ, ಅದೇ ಪದರ ಎಂಜಿನ್ನಿನ ನೀರಿನ ದಾರಿಯಲ್ಲೂ ಕಟ್ಟುತ್ತದೆ. ರೇಡಿಯೇಟರ್‌ನ ಕೊಳವೆಗಳ ಒಳಗಿನ ಬಾಯಿ ಬರೀ ಒಂದೆರಡು ಮಿ.ಮೀ. ಅಗಲ. ಅಲ್ಲಿ ಅರ್ಧ ಮಿ.ಮೀ. ಪದರ ಕೂತರೂ ದಾರಿ ಕಿರಿದಾಯಿತು, ಜೊತೆಗೆ ಶಾಖ ದಾಟದಂತೆ ಕಂಬಳಿ ಹೊದಿಸಿದ ಹಾಗೂ ಆಯಿತು.

ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿ ಇಲ್ಲದಿದ್ದರೆ 600ರವರೆಗೆ ಕುಡಿಯಬಹುದು. ಎಂಜಿನ್ ಮನುಷ್ಯನಷ್ಟು ಸಹಿಸುವುದಿಲ್ಲ. ಭಾರಿ ಡೀಸೆಲ್ ಎಂಜಿನ್ನುಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿ ಗಡಸುತನಕ್ಕೆ 170, ಕ್ಲೋರೈಡಿಗೆ 40 ಮಿ.ಗ್ರಾಂ. ಅಂದರೆ ಕುಡಿಯಲು ಅಡ್ಡಿಯಿಲ್ಲದ ನೀರೂ ರೇಡಿಯೇಟರಿಗೆ ಕೆಟ್ಟದ್ದಾಗಿರಬಹುದು. ಗಡಸುತನ ಪದರ ಕಟ್ಟುತ್ತದೆ, ಕ್ಲೋರೈಡ್ ಅಲ್ಯೂಮಿನಿಯಮ್ಮನ್ನು ಸೂಜಿಚುಚ್ಚಿದ ಹಾಗೆ ತೂತು ಮಾಡುತ್ತದೆ. ನೀರಿನಲ್ಲಿ ಕರಗಿರುವ ಲವಣ ಅಳೆಯುವ ಒಂದು ಸಾಮಾನ್ಯ ಟಿಡಿಎಸ್ ಮೀಟರ್ ಇದ್ದರೆ ಅಂದಾಜು ಸಿಗುತ್ತದೆ: 1000 ತೋರಿಸಿದರೆ ಆ ನೀರನ್ನು ಗಾಡಿ ತೊಳೆಯಲು ಇಟ್ಟುಕೊಳ್ಳಿ.

ಊರ ಶುದ್ಧ ನೀರಿನ ಘಟಕದ ಆರ್‌ಒ ನೀರು ಇದಕ್ಕಿಂತ ಎಷ್ಟೋ ಪಾಲು ಮೇಲು. ಇಪ್ಪತ್ತು ಲೀಟರ್ ಕ್ಯಾನಿಗೆ ಚಿಲ್ಲರೆ ಕಾಸು. ಆದರೆ ಘಟಕದ ಪೊರೆ ಹಳೆಯದಾದರೆ ಲವಣ ನುಸುಳುತ್ತದೆ. ಟಿಡಿಎಸ್ 100ರ ಆಚೀಚೆ ಇದ್ದರೆ ಧೈರ್ಯವಾಗಿ ಬಳಸಿ, 300 ದಾಟಿದ್ದರೆ ಬೇಡ. ಡಿಸ್ಟಿಲ್ಡ್ ನೀರು, ಅಂದರೆ ಅಂಗಡಿಯಲ್ಲಿ ಬ್ಯಾಟರಿ ವಾಟರ್ ಅಂತ ಕೇಳಿದರೆ ಕೊಡುವುದು, ಎಲ್ಲಕ್ಕಿಂತ ಉತ್ತಮ. ಒಂದು ಕಾರಿಗೆ ಬೇಕಾದ ಮೂರು ನಾಲ್ಕು ಲೀಟರಿಗೆ ಜೇಬೇನೂ ಹರಿಯುವುದಿಲ್ಲ. ಮಳೆ ನೀರೂ ಮೃದು ನೀರೇ. ಮೊದಲ ಎರಡು ಮಳೆ ಹರಿಯಬಿಟ್ಟು, ಆಮೇಲಿನದನ್ನು ಶುಭ್ರವಾದ ಚಾವಣಿಯಿಂದ ಹಿಡಿದು ಬಟ್ಟೆಯಲ್ಲಿ ಸೋಸಿಟ್ಟರೆ ಟ್ರ್ಯಾಕ್ಟರಿಗೆ ವರ್ಷದ ಖರ್ಚಿಗಾಯಿತು.

ಹಾಗಾದರೆ ಡಿಸ್ಟಿಲ್ಡ್ ನೀರನ್ನಷ್ಟೇ ತುಂಬಿ ಓಡಿಸಬಹುದಲ್ಲ? ಇಲ್ಲ. ಶುದ್ಧ ನೀರು ಪದರ ಕಟ್ಟುವುದಿಲ್ಲ ನಿಜ, ಆದರೆ ತುಕ್ಕು ತಡೆಯುವ ಯಾವ ಗುಣವೂ ಅದಕ್ಕಿಲ್ಲ. ಬೀಡು ಕಬ್ಬಿಣದ ಬ್ಲಾಕು ಕೆಂಪು ಕೆಸರು ಬಿಡುತ್ತದೆ, ವಾಟರ್ ಪಂಪಿನ ರೆಕ್ಕೆ ಸವೆಯುತ್ತದೆ. ಇಲ್ಲಿಗೇ ಕೂಲೆಂಟ್ ಬರಬೇಕಾದ್ದು.

ಕೂಲೆಂಟ್: ತಣ್ಣಗಾಗಿಸುವುದಕ್ಕಲ್ಲ, ಕಾಪಾಡುವುದಕ್ಕೆ

ಹೆಸರೇ ಮೋಸ. ಶಾಖ ಹೊರುವ ಕೆಲಸದಲ್ಲಿ ನೀರಿಗೆ ಸಾಟಿ ಇಲ್ಲ. ಕೂಲೆಂಟಿನ ಮೂಲ ದ್ರವವಾದ ಗ್ಲೈಕಾಲನ್ನು ಅರ್ಧಕ್ಕರ್ಧ ಬೆರೆಸಿದ ನೀರು ಬರೀ ನೀರಿಗಿಂತ ಶೇಕಡ 10ರಿಂದ 15ರಷ್ಟು ಕಡಿಮೆ ಶಾಖ ಹೊರುತ್ತದೆ. ಹಾಗಿದ್ದೂ ಕೂಲೆಂಟ್ ಬೇಕಾದ್ದು ಎರಡು ಕಾರಣಕ್ಕೆ. ಅದರಲ್ಲಿರುವ ರಾಸಾಯನಿಕಗಳು ತುಕ್ಕು ತಡೆಯುತ್ತವೆ. ಜೊತೆಗೆ ಕುದಿಯುವ ಮಟ್ಟ ಮೇಲೇರುತ್ತದೆ. ಕೋಲಾರ, ತುಮಕೂರು ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಮೇಲಿರುವುದರಿಂದ ಬಾಯಿ ತೆರೆದ ಪಾತ್ರೆಯಲ್ಲಿ ನೀರು ಇಲ್ಲಿ 97 ಡಿಗ್ರಿಗೇ ಕುದಿಯುತ್ತದೆ. ಅರ್ಧಕ್ಕರ್ಧ ಮಿಶ್ರಣ ಅದಕ್ಕಿಂತ ಎಂಟು ಡಿಗ್ರಿಯಷ್ಟು ತಡೆದುಕೊಳ್ಳುತ್ತದೆ.

ಅಂಗಡಿಯಲ್ಲಿ ಮುಖ್ಯವಾಗಿ ಎರಡು ಬಗೆ. ಹಸಿರು ಬಣ್ಣದಲ್ಲಿ ಬರುವ ಹಳೆಯ ಬಗೆಯದು ಸಿಲಿಕೇಟ್, ಫಾಸ್ಫೇಟ್ ಬಳಸಿ ತುಕ್ಕು ತಡೆಯುತ್ತದೆ. ಎರಡು ವರ್ಷ ಅಥವಾ 40,000 ಕಿ.ಮೀ. ಆದಾಗ ಬದಲಿಸಬೇಕು. ಕೆಂಪು, ಕಿತ್ತಳೆ, ಗುಲಾಬಿ ಬಣ್ಣಗಳಲ್ಲಿ ಹೆಚ್ಚಾಗಿ ಬರುವ ಆರ್ಗ್ಯಾನಿಕ್ ಆಸಿಡ್ ಬಗೆಯದು ದುಬಾರಿ, ಆದರೆ ಐದು ವರ್ಷದ ಹತ್ತಿರ ಬಾಳುತ್ತದೆ. ಬಣ್ಣ ನಂಬಿ ಮಾತ್ರ ಕೊಳ್ಳಬೇಡಿ. ಬಣ್ಣಕ್ಕೆ ಯಾವ ಕಾನೂನೂ ಇಲ್ಲ, ಯಾರು ಬೇಕಾದರೂ ಯಾವ ಬಣ್ಣ ಬೇಕಾದರೂ ಹಾಕಬಹುದು. ಡಬ್ಬಿಯ ಹಿಂದೆ ಭಾರತೀಯ ಮಾನದಂಡ ಐಎಸ್ 5759 ಅಥವಾ ಜಪಾನಿನ ಮಾನದಂಡ ಜೆಐಎಸ್ ಕೆ 2234 ಎಂದು ಇದೆಯೇ ನೋಡಿ, ಗಾಡಿಯ ಪುಸ್ತಕದಲ್ಲಿ ಯಾವ ಬಗೆ ಹೇಳಿದೆ ಅದಕ್ಕೆ ತಾಳೆ ಹಾಕಿ. ಬರೀ ಬಣ್ಣದ ನೀರನ್ನು ಐದು ಲೀಟರ್ ಕ್ಯಾನಿನಲ್ಲಿ ಅಗ್ಗಕ್ಕೆ ಮಾರುವವರೂ ಇದ್ದಾರೆ.

ಬಯಲುಸೀಮೆಯ ಓದುಗರು ಗುರುತು ಹಾಕಿಕೊಳ್ಳಬೇಕಾದ ಮಾತೊಂದಿದೆ. ಫಾಸ್ಫೇಟ್ ಇರುವ ಕೂಲೆಂಟನ್ನು ಬೋರ್ ನೀರಿಗೆ ಬೆರೆಸಿದರೆ ಅದು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಗಸಿಯಾಗಿ ತಳಕ್ಕೆ ಕೂರುತ್ತದೆ. ತುಕ್ಕು ತಡೆಯಬೇಕಾದ ವಸ್ತುವೂ ಖಾಲಿ, ಕೊಳವೆಯೂ ಕಟ್ಟಿತು. ಅಂದರೆ ಒಳ್ಳೆ ಕೂಲೆಂಟ್ ಮತ್ತು ಕೆಟ್ಟ ನೀರಿನ ಜೋಡಿಗಿಂತ ಸಾಧಾರಣ ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರಿನ ಜೋಡಿಯೇ ವಾಸಿ. ದುಡ್ಡು ಕಮ್ಮಿ ಇದ್ದರೆ ನೀರಿನಲ್ಲಿ ಉಳಿಸಲು ಹೋಗಬೇಡಿ.

ರೆಡಿ ಮಿಕ್ಸ್ ಕೊಳ್ಳುವುದೋ, ಗಟ್ಟಿ ಕೂಲೆಂಟ್ ತಂದು ಬೆರೆಸಿಕೊಳ್ಳುವುದೋ? ಸಣ್ಣ ಕಾರಿಗೆ ಒಟ್ಟು ನಾಲ್ಕು ಲೀಟರ್ ಸುಮಾರು ಹಿಡಿಯುತ್ತದೆ. ಅಲ್ಲಿ ರೆಡಿ ಮಿಕ್ಸೇ ನಿರಾಳ, ನೀರಿನ ತಲೆಬಿಸಿ ಇಲ್ಲ. ಎಂಟು ಹತ್ತು ಲೀಟರ್ ಹಿಡಿಯುವ ಪಿಕಪ್, ಟ್ರ್ಯಾಕ್ಟರಿಗೆ ಗಟ್ಟಿಯದೇ ಅಗ್ಗ. ನಮ್ಮಲ್ಲಿ ಹೆಪ್ಪುಗಟ್ಟುವ ಚಳಿ ಇಲ್ಲದ್ದರಿಂದ ಒಂದಕ್ಕೆ ಎರಡರಂತೆ, ಅಂದರೆ ಮೂರನೇ ಒಂದು ಪಾಲು ಕೂಲೆಂಟ್ ಸಾಕಾಗುತ್ತದೆ. ಶಾಖವನ್ನೂ ಚೆನ್ನಾಗಿ ಹೊರುತ್ತದೆ, ಕಾಸೂ ಉಳಿಯುತ್ತದೆ. ಕಾಲು ಪಾಲಿಗಿಂತ ಕೆಳಗೆ ಹೋದರೆ ತುಕ್ಕು ತಡೆಯುವ ಬಲ ಸಾಲದು. ನೂರಕ್ಕೆ ಅರವತ್ತು ಪಾಲು ದಾಟಿಸಿದರೆ ದ್ರವ ಮಂದವಾಗಿ ತಂಪಾಗಿಸುವುದೇ ಕುಗ್ಗುತ್ತದೆ. ‘ಜಾಸ್ತಿ ಹಾಕಿದರೆ ಜಾಸ್ತಿ ತಂಪು’ ಅಂತ ಡಬ್ಬಿ ಪೂರ್ತಿ ಸುರಿಯುವವರು ತಮ್ಮ ದುಡ್ಡಲ್ಲೇ ಗಾಡಿ ಬಿಸಿ ಮಾಡಿಕೊಳ್ಳುತ್ತಾರೆ.

ಬದಲಿಸುವಾಗ ಬಹುಪಾಲು ಜನ ಎಡವುವ ಜಾಗವೊಂದಿದೆ. ರೇಡಿಯೇಟರ್‌ನ ಕೆಳಗಿನ ಹೋಸ್ ಬಿಚ್ಚಿದರೆ ಎಲ್ಲ ನೀರೂ ಬರುವುದಿಲ್ಲ; ಬ್ಲಾಕಿನಲ್ಲಿ, ಹೀಟರ್ ಕಾಯಿಲಿನಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಉಳಿಯುತ್ತದೆ. ಹಾಗಾಗಿ ಕೊನೆಯ ತೊಳೆತ ಡಿಸ್ಟಿಲ್ಡ್ ನೀರಿನದೇ ಆಗಿರಲಿ. ಒಟ್ಟು 9 ಲೀಟರ್ ಹಿಡಿಯುವ ಗಾಡಿಗೆ ಮೊದಲು 3 ಲೀಟರ್ ಗಟ್ಟಿ ಕೂಲೆಂಟ್ ಸುರಿದು, ಆಮೇಲೆ ತುಂಬುವವರೆಗೆ ಡಿಸ್ಟಿಲ್ಡ್ ನೀರು ಹಾಕಿ. ಹೊರಗೇ ಬೆರೆಸಿಟ್ಟು ಸುರಿದರೆ ಒಳಗಿನ ನೀರು ಸೇರಿ ಪಾಲು ತಪ್ಪುತ್ತದೆ. ಗಾಡಿಯ ಮೂತಿ ಏರಿಗೆ ಬರುವಂತೆ ನಿಲ್ಲಿಸಿ, ಹೀಟರ್ ಪೂರ್ತಿ ತಿರುಗಿಸಿ, ರೇಡಿಯೇಟರ್ ಮುಚ್ಚಳ ತೆಗೆದಿಟ್ಟು ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಥರ್ಮೋಸ್ಟಾಟ್ ತೆರೆದಾಗ ಮಟ್ಟ ದಡಕ್ಕನೆ ಇಳಿಯುತ್ತದೆ; ಗುಳ್ಳೆ ನಿಲ್ಲುವವರೆಗೆ ತುಂಬುತ್ತಾ ಹೋಗಿ. ಗಾಳಿ ಒಳಗೆ ಉಳಿದರೆ ಹೊಸ ಕೂಲೆಂಟ್ ಹಾಕಿಸಿದ ಮರುದಿನವೇ ಗಾಡಿ ಬಿಸಿಯಾಗಿ, ಕೆಟ್ಟ ಹೆಸರು ಕೂಲೆಂಟಿಗೆ ಬರುತ್ತದೆ.

ರೇಡಿಯೇಟರ್: ತೊಳೆಸುವುದೋ, ಕೊರೆಸುವುದೋ, ಹೊಸದೋ

ಒಳಗಿಗಿಂತ ಮೊದಲು ಹೊರಗೆ ನೋಡಿ. ರಾಗಿ, ಹುರುಳಿ ಕೊಯ್ಲಿನ ಹೊತ್ತಿಗೆ ನಮ್ಮ ಹಳ್ಳಿ ರಸ್ತೆಗಳೆಲ್ಲ ಕಣ. ಹರಡಿದ ತೆನೆಯ ಮೇಲೆ ಗಾಡಿ ಹಾದಾಗ ಏಳುವ ಹೊಟ್ಟು, ಧೂಳು ಸೀದಾ ಗ್ರಿಲ್ಲಿನೊಳಗೆ. ಎ.ಸಿ. ಕಂಡೆನ್ಸರ್ ದಾಟಿದ ನವಿರು ಹೊಟ್ಟು ರೇಡಿಯೇಟರಿನ ಮುಖಕ್ಕೆ ಅಂಟಿ, ಮಂಜಿನ ತೇವಕ್ಕೆ ಮೆತ್ತಿ, ಎರಡು ತಿಂಗಳಲ್ಲಿ ಕಂಬಳಿಯಂಥ ಬೂದು ಪದರವಾಗುತ್ತದೆ. ಮುಂದಿನಿಂದ ನೋಡಿದರೆ ಕಂಡೆನ್ಸರ್ ಚೊಕ್ಕಟವಾಗಿಯೇ ಕಾಣುತ್ತದೆ! ಟಾರ್ಚ್ ಹಿಡಿದು ಎರಡರ ಸಂದಿಯಲ್ಲಿ ಇಣುಕಬೇಕು. ಇದಕ್ಕೆ ಬೇಕಾದ್ದು ಮೇಲಿನ ನಾಲ್ಕು ಬೋಲ್ಟ್ ಸಡಿಲಿಸುವ ಶ್ರಮ ಮತ್ತು ನೀರು ಅಷ್ಟೇ. ಎಂಜಿನ್ ಕಡೆಯಿಂದ ಮುಂದಕ್ಕೆ, ಕಡಿಮೆ ಒತ್ತಡದಲ್ಲಿ ಬಿಡಬೇಕು. ವಾಟರ್ ಸರ್ವಿಸ್‌ನವರ ಗನ್ ಹತ್ತಿರ ಹಿಡಿದರೆ ಕೊಳವೆಗಳ ನಡುವಿನ ತೆಳು ತಗಡುಗಳಾದ ಫಿನ್ನುಗಳು ಮಲಗಿ ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ. ಪೂಜೆ ದಿನ ಗ್ರಿಲ್ಲಿಗೆ ಕಟ್ಟಿದ ಹಾರ, ಹೆಚ್ಚುವರಿ ಲೈಟು, ಸೊಳ್ಳೆಪರದೆಯಂಥ ಜಾಲರಿ, ಇವನ್ನೂ ಆಗಲೇ ಬಿಚ್ಚಿಡಿ.

ಒಳಗಡೆ ಕಟ್ಟಿದೆಯೋ ತಿಳಿಯಲು ಬಿಸಿ ಎಂಜಿನ್ ಆಫ್ ಮಾಡಿ ಲೇಸರ್ ಥರ್ಮಾಮೀಟರನ್ನು ಕೋರ್ ಉದ್ದಕ್ಕೂ ಆಡಿಸಿ. ನೀರು ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ಶಾಖ ಹಂತಹಂತವಾಗಿ ಇಳಿಯಬೇಕು. ನಡುವೆ ಒಂದು ಪಟ್ಟಿ ದಿಢೀರ್ ತಣ್ಣಗಿದ್ದರೆ ಅಲ್ಲಿನ ಕೊಳವೆಗಳು ಮುಚ್ಚಿವೆ.

ತಾಮ್ರ-ಹಿತ್ತಾಳೆ ರೇಡಿಯೇಟರ್ ಆದರೆ ನೀವು ಪುಣ್ಯವಂತರು. ಬೆಸುಗೆ ಬಿಚ್ಚಿ, ತೊಟ್ಟಿ ತೆಗೆದು, ಕೊಳವೆಗಳಲ್ಲಿ ಸರಳು ಹಾಕಿ ಪದರ ಕೊರೆದು ಮತ್ತೆ ಬೆಸೆಯಬಹುದು. ಫಿನ್ನನ್ನು ಉಗುರಲ್ಲಿ ಕೆರೆದರೆ ಹಸಿರು ಪುಡಿಯಾಗಿ ಉದುರುತ್ತದಾದರೆ ಕೊರೆಸುವುದು ದಂಡ, ಕೋರ್ ಬದಲಿಸಿ. ಲೋಡ್ ಗಾಡಿಗೆ ಮೂರು ಸಾಲಿನ ಬದಲು ನಾಲ್ಕು ಸಾಲಿನ ಕೋರ್ ಹಾಕಿಸುವ ಆಸೆ ಹಲವರಿಗೆ. ಫ್ಯಾನಿನ ಸುತ್ತಲ ಮರೆ ಗಟ್ಟಿಯಾಗಿದ್ದು ಫ್ಯಾನ್ ಬಲವಾಗಿದ್ದರೆ ಪ್ರಯೋಜನವುಂಟು. ಮರೆ ಒಡೆದುಹೋಗಿದ್ದರೆ ದಪ್ಪ ಕೋರಿನೊಳಗೆ ಗಾಳಿಯೇ ನುಗ್ಗುವುದಿಲ್ಲ. ಆ ದುಡ್ಡಿನ ಹತ್ತನೇ ಒಂದು ಪಾಲಲ್ಲಿ ಮರೆ ಕಟ್ಟಿಸಿದ್ದರೆ ಹೆಚ್ಚು ಕೆಲಸವಾಗುತ್ತಿತ್ತು.

ಅಲ್ಯೂಮಿನಿಯಂ ರೇಡಿಯೇಟರನ್ನು ಕೊರೆಯಲು ಬರುವುದಿಲ್ಲ. ಪದರ ತೆಳುವಾಗಿದ್ದರೆ ಅಲ್ಯೂಮಿನಿಯಮ್ಮಿಗೆ ಹೊಂದುವ ಫ್ಲಶ್ ಹಾಕಿ, ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಮಾತ್ರ ಓಡಿಸಿ ತೊಳೆಯಬಹುದು. ಕಕ್ಕಸು ತೊಳೆಯುವ ಆಸಿಡ್, ವಾಷಿಂಗ್ ಸೋಡಾ ಎರಡನ್ನೂ ಹತ್ತಿರ ಸೇರಿಸಬೇಡಿ. ಅವು ಪದರದ ಜೊತೆ ಲೋಹವನ್ನೂ ತಿನ್ನುತ್ತವೆ. ಪ್ಲಾಸ್ಟಿಕ್ ತೊಟ್ಟಿಯ ಅಂಚಲ್ಲಿ ಸೀಳು ಬಿಟ್ಟಿದ್ದರೆ ಅಂಟು ಮೆತ್ತಿ ದಿನ ದೂಡಬಹುದೇ ಹೊರತು ಬೇಸಿಗೆ ದಾಟಿಸಲಾಗದು. ಹೊಸದೇ ಗತಿ. ಕಂಪನಿಯದಕ್ಕೂ ಹೊರಗಿನದಕ್ಕೂ ಬೆಲೆಯಲ್ಲಿ ಅರ್ಧಕ್ಕರ್ಧ ವ್ಯತ್ಯಾಸ ಇರಬಹುದು. ಹೊರಗಿನದನ್ನು ಕೊಳ್ಳುವುದಾದರೆ ಹಳೆಯದರ ಪಕ್ಕ ಇಟ್ಟು ಕೋರಿನ ದಪ್ಪವನ್ನೂ, ಒಂದಿಂಚಿಗೆ ಫಿನ್ ಎಷ್ಟಿದೆ ಎಂಬುದನ್ನೂ ಹೋಲಿಸಿ. ಫಿನ್ ವಿರಳವಾಗಿದ್ದರೆ ಆ ಅಗ್ಗ ಮೇ ತಿಂಗಳಲ್ಲಿ ಬಡ್ಡಿ ಕೇಳುತ್ತದೆ.

ಇನ್ನು ಸೋರಿಕೆಗೆ ಅರಿಸಿನ ಪುಡಿ. ದಾರಿ ಮಧ್ಯೆ ನಂಗಲಿ ಹತ್ತಿರ ನಿಂತಾಗ ಮನೆ ಮುಟ್ಟಲು ಅದು ಆಗಿಬರುತ್ತದೆ, ಸುಳ್ಳಲ್ಲ. ಆದರೆ ತೂತು ಮುಚ್ಚುವ ಪುಡಿಗೆ ತೂತು ಯಾವುದು, ಕೊಳವೆ ಯಾವುದು ಎಂಬ ಭೇದ ಗೊತ್ತಿಲ್ಲ. ಮನೆ ಮುಟ್ಟಿದ ಕೂಡಲೇ ತೊಳೆಸಿ ಸೋರಿಕೆ ಸರಿಮಾಡಿಸಬೇಕು.

ಥರ್ಮೋಸ್ಟಾಟ್ ತೆಗೆಸುವ ವಿಚಾರ

ಬೇಡ. ಹಳೆಯ ಕೆಲವು ಎಂಜಿನ್ನುಗಳಲ್ಲಿ ತೆಗೆದರೂ ನಡೆಯುತ್ತಿತ್ತು, ಆ ನೆನಪಲ್ಲೇ ಈ ಸಲಹೆ ಇನ್ನೂ ಓಡಾಡುತ್ತಿದೆ. ಈಗಿನ ಹಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ಎರಡು ಕೆಲಸ ಮಾಡುತ್ತದೆ: ರೇಡಿಯೇಟರ್ ದಾರಿ ತೆರೆಯುತ್ತಾ ಅಡ್ಡದಾರಿ ಮುಚ್ಚುತ್ತದೆ. ಕಿತ್ತುಹಾಕಿದರೆ ಅಡ್ಡದಾರಿ ಸದಾ ತೆರೆದಿದ್ದು, ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ಮರಳುತ್ತದೆ. ಲೋಡ್ ಹಾಕಿದಾಗ ಇನ್ನೂ ಬಿಸಿ. ಬೆಳಗಿನ ಹೊತ್ತು ಎಂಜಿನ್ ಕಾಯದೆ ಡೀಸೆಲ್ ಕುಡಿಯುವುದು ಬೇರೆ. ಅನುಮಾನ ಇದ್ದರೆ ಬಿಚ್ಚಿ, ಪಾತ್ರೆಯ ನೀರಿಗೆ ದಾರ ಕಟ್ಟಿ ಇಳಿಬಿಟ್ಟು ಒಲೆ ಮೇಲಿಡಿ. ಮೇಲೆ 82 ಎಂದು ಕೆತ್ತಿದ್ದರೆ ಆ ಡಿಗ್ರಿಗೆ ಬಾಯಿ ಬಿಡಲು ಶುರುಮಾಡಿ 95ರ ಹೊತ್ತಿಗೆ ಪೂರ್ತಿ ತೆರೆಯಬೇಕು. ತೆರೆಯದಿದ್ದರೆ ಅದೇ ಡಿಗ್ರಿಯ ಹೊಸದು ಹಾಕಿಸಿ.

ಮುಚ್ಚಳ ಮತ್ತು ಫ್ಯಾನ್

ಇಡೀ ವ್ಯವಸ್ಥೆಯಲ್ಲಿ ಅತಿ ಕಡಿಮೆ ದುಡ್ಡಿಗೆ ಅತಿ ಹೆಚ್ಚು ಫಲ ಕೊಡುವುದು ರೇಡಿಯೇಟರ್ ಮುಚ್ಚಳ. ಅದರ ಮೇಲೆ 0.9 ಅಥವಾ 1.1 ಎಂಬ ಅಂಕಿ ಇರುತ್ತದೆ, ಅಷ್ಟು ಬಾರ್ ಒತ್ತಡ ಹಿಡಿಯಬೇಕು. 0.9 ಬಾರ್ ಹಿಡಿದರೆ ನೀರು ಕುದಿಯುವ ಮಟ್ಟ ಇಪ್ಪತ್ತು ಡಿಗ್ರಿಯಷ್ಟು ಮೇಲೇರುತ್ತದೆ. ಕುಕ್ಕರ್ ಗ್ಯಾಸ್ಕೆಟ್ಟಿನ ಲೆಕ್ಕವೇ ಇದು. ಒಳಗಿನ ರಬ್ಬರ್ ಒರಟಾಗಿದ್ದರೆ ಒತ್ತಡ ನಿಲ್ಲುವುದಿಲ್ಲ.

ನಂದಿಬೆಟ್ಟಕ್ಕೆ ಭಾನುವಾರ ಹೋಗುವವರು ಇದನ್ನು ಯೋಚಿಸಿ. ತುದಿ 1,478 ಮೀಟರ್ ಎತ್ತರ. ಅಲ್ಲಿ ಒತ್ತಡವಿಲ್ಲದ ನೀರು 95 ಡಿಗ್ರಿಗೆ ಕುದಿಯುತ್ತದೆ. ಹಲವು ಕಾರುಗಳಲ್ಲಿ ಕರೆಂಟಿನ ಫ್ಯಾನ್ ಶುರುವಾಗುವುದೇ 95ರಿಂದ 98ರ ನಡುವೆ. ಬರೀ ನೀರು, ಸೋತ ಮುಚ್ಚಳ, ಒಂದನೇ ಗೇರಿನಲ್ಲಿ ಸಾಲುಗಟ್ಟಿದ ತಿರುವುಗಳು: ಫ್ಯಾನ್ ಏಳುವ ಮೊದಲೇ ಕುದಿ ಬಂದಿರುತ್ತದೆ. ಆಗ ಬೈಸಿಕೊಳ್ಳುವುದು ಕಂಪನಿ. ಎಂಜಿನ್ ತಣಿದ ಮೇಲೆ ಮೇಲಿನ ಹೋಸ್ ಚಪ್ಪಟೆಯಾಗಿ ಒಳಗೆ ಸೆಳೆದುಕೊಂಡಿದ್ದರೆ ಮುಚ್ಚಳದ ಹಿಂದಿರುಗುವ ವಾಲ್ವ್ ಸತ್ತಿದೆ ಎಂದರ್ಥ. ಬದಲಿಸುವಾಗ ಅದೇ ಅಂಕಿಯದನ್ನೇ ತನ್ನಿ. ಹೆಚ್ಚಿನದು ಹಾಕಿದರೆ ಹಳೆಯ ಹೋಸು, ಪ್ಲಾಸ್ಟಿಕ್ ತೊಟ್ಟಿ ಬಿರಿಯುತ್ತವೆ.

ಕರೆಂಟಿನ ಫ್ಯಾನ್ ಪರೀಕ್ಷೆಗೆ ಎ.ಸಿ. ಹಾಕಿ, ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ಸ್ವಲ್ಪ ಹೊತ್ತಿನಲ್ಲೇ ತಿರುಗಬೇಕು. ಗ್ರಿಲ್ಲಿಗೆ ಒಂದು ಕಾಗದದ ಹಾಳೆ ಒಡ್ಡಿ, ಅಂಟಿಕೊಳ್ಳಬೇಕು. ಹಾರಿಹೋದರೆ ಮೋಟರ್ ಬದಲಿಸಿದವರು ವೈರ್ ತಿರುವುಮುರುವು ಕೊಟ್ಟಿದ್ದಾರೆ. ಪಿಕಪ್, ಜೀಪುಗಳ ಎಣ್ಣೆ ಕ್ಲಚ್ಚಿನ ಫ್ಯಾನ್ ಆದರೆ ಬಿಸಿ ಎಂಜಿನ್ ಆಫ್ ಮಾಡಿ, ಕೀಲಿ ಕೈಯಲ್ಲಿಟ್ಟುಕೊಂಡು ರೆಕ್ಕೆ ತಳ್ಳಿ ನೋಡಿ. ಬಿಗಿಯಾಗಿ ಅರ್ಧ ಸುತ್ತಿಗೆ ನಿಂತರೆ ಸರಿ. ಗಿರ್ರನೆ ನಾಲ್ಕು ಸುತ್ತು ತಿರುಗಿದರೆ ಒಳಗಿನ ಸಿಲಿಕಾನ್ ಎಣ್ಣೆ ಹೋಗಿದೆ. ಹಾಗಾದಾಗ ಕ್ಲಚ್ ಬದಲಿಸುವುದೋ, ಕರೆಂಟಿನ ಫ್ಯಾನ್ ಕೂರಿಸುವುದೋ ಎಂಬ ಪ್ರಶ್ನೆ ಬರುತ್ತದೆ. ಲೋಡ್ ಹೊರುವ ಗಾಡಿಗೆ ಕ್ಲಚ್ಚೇ ಸರಿ. ಕರೆಂಟಿನ ಫ್ಯಾನಿಗೆ ಡೈನಮೋ, ವೈರಿಂಗ್ ಎಲ್ಲ ತೂಗಬೇಕು, ಅರೆಬರೆ ಮಾಡಿದ ವೈರಿಂಗ್ ರಾತ್ರಿ ಹೊತ್ತು ದಾರಿಯಲ್ಲೇ ಸುಡುತ್ತದೆ.

ಯಾರಿಗೆ ಯಾವುದು

ಕೋಲಾರ ಎಪಿಎಂಸಿಯಿಂದ ಟೊಮೆಟೊ ಹೊತ್ತು ಚೆನ್ನೈ ದಾರಿ ಹಿಡಿಯುವ ಪಿಕಪ್ಪಿಗೆ ಪೂರ್ತಿ ಸಿದ್ಧತೆಯೇ ಬೇಕು. ಹದಿನೈದು ಕೆ.ಜಿ.ಯ ನೂರು ಬಾಕ್ಸ್ ಅಂದರೆ ಒಂದೂವರೆ ಟನ್. ಒಂದು ದಿನ ದಾರಿಯಲ್ಲಿ ನಿಂತರೆ ಗಾಡಿಯ ರಿಪೇರಿಗಿಂತ ಸರಕಿನ ನಷ್ಟವೇ ದೊಡ್ಡದು. ಹೊಟ್ಟು ತೊಳೆಸಿ, ಕೋರ್ ಪರೀಕ್ಷಿಸಿ, ಫ್ಯಾನ್ ಕ್ಲಚ್ ನೋಡಿ, ಹೊಸ ಮುಚ್ಚಳ, ಹೊಸ ಬೆಲ್ಟ್ ಹಾಕಿಸಿ, ದೀರ್ಘ ಬಾಳಿಕೆಯ ಕೂಲೆಂಟನ್ನು ಡಿಸ್ಟಿಲ್ಡ್ ನೀರಿನಲ್ಲಿ ಒಂದಕ್ಕೆ ಎರಡರಂತೆ ತುಂಬಿಸಿ.

ತುಮಕೂರಿನಿಂದ ಬೆಂಗಳೂರಿಗೆ ದಿನಾ ಓಡಾಡುವ ಕಾರಿಗೆ ರೆಡಿ ಮಿಕ್ಸ್ ಮತ್ತು ಫ್ಯಾನ್ ಪರೀಕ್ಷೆ ಸಾಕು. ಇಂಥವರು ಉಳಿದ ದುಡ್ಡಲ್ಲಿ ಒಂದು ಓಬಿಡಿ ಡಾಂಗಲ್ ಕೊಳ್ಳಲಿ. 2013ರ ಈಚಿನ ಕಾರುಗಳಲ್ಲಿ ಸ್ಟಿಯರಿಂಗ್ ಕೆಳಗೆ ಅದಕ್ಕೆ ಕಿಂಡಿ ಇರುತ್ತದೆ; ನೀರಿನ ಶಾಖ ಎಷ್ಟು ಡಿಗ್ರಿ ಎಂಬುದು ಮೊಬೈಲಿನಲ್ಲೇ ಕಾಣುತ್ತದೆ. ಈಗಿನ ಎಷ್ಟೋ ಕಾರುಗಳಲ್ಲಿ ಮುಳ್ಳೇ ಇಲ್ಲ, ಕೆಂಪು ದೀಪ ಹತ್ತುವ ಹೊತ್ತಿಗೆ ಹೊತ್ತು ಮೀರಿರುತ್ತದೆ. 85ರಿಂದ 100 ಇದ್ದರೆ ನಿಶ್ಚಿಂತೆ, 105ಕ್ಕೆ ಎ.ಸಿ. ಆಫ್ ಮಾಡಿ ಹೀಟರ್ ಪೂರ್ತಿ ತಿರುಗಿಸಿ, 110ಕ್ಕೆ ಬದಿಗೆ ನಿಲ್ಲಿಸಿ.

ಟ್ರ್ಯಾಕ್ಟರ್ ಇರುವವರಿಗೆ ಮಳೆ ನೀರು ಅಥವಾ ಆರ್‌ಒ ನೀರು, ಹಸಿರು ಕೂಲೆಂಟ್, ಎರಡು ವರ್ಷಕ್ಕೊಮ್ಮೆ ಬದಲು. ಉಳುಮೆ ದಿನಗಳಲ್ಲಿ ಸಂಜೆ ಹೊತ್ತು ಜಾಲರಿ ಕೊಡವುವುದು ಎಲ್ಲ ಕೂಲೆಂಟಿಗಿಂತ ಹೆಚ್ಚಿನ ಕೆಲಸ ಮಾಡುತ್ತದೆ. ಇನ್ನಾರು ತಿಂಗಳಲ್ಲಿ ಮಾರುವ ಹಳೆಯ ಗಾಡಿಗೆ ಹೊಸ ರೇಡಿಯೇಟರ್ ಬೇಡ. ಹೊರಗೆ ತೊಳೆಸಿ, ಮುಚ್ಚಳ ಬದಲಿಸಿ, ಇರುವ ಬಗೆಯದೇ ಕೂಲೆಂಟ್ ಹೊಸದಾಗಿ ತುಂಬಿಸಿ.

ಯಾವ ದಾರಿ ಹಿಡಿದರೂ ಬಿಸಿ ಗಾಡಿಯ ಮುಚ್ಚಳಕ್ಕೆ ಮುಕ್ಕಾಲು ಗಂಟೆ ಕೈ ಹಚ್ಚಬೇಡಿ, ಕುದಿದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಹೆಡ್ ಸೀಳುತ್ತದೆ. ಬಸಿದ ಹಳೆ ಕೂಲೆಂಟನ್ನು ಗ್ಯಾರೇಜ್ ಮುಂದಿನ ಗುಂಡಿಗೆ ಬಿಡುವ ರೂಢಿಯೂ ನಿಲ್ಲಬೇಕು. ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಬೇಸಿಗೆಯಲ್ಲಿ ಬಾಯಾರಿದ ನಾಯಿ, ಕರು ಮೂತಿ ಇಡುವುದು ಅಂಥ ಗುಂಡಿಗೇ. ಕ್ಯಾನಿಗೆ ತುಂಬಿ, ಮುಚ್ಚಳ ಬಿಗಿದು, ಹಳೆ ಆಯಿಲ್ ಒಯ್ಯುವವರಿಗೆ ಬೇರೆಯಾಗಿ ಕೊಡಿ.